ಮಾಸ್ತರ ಮನೆಯ ಮೀನು

ಕದ್ದುಮುಚ್ಚಿ ಅಲ್ಲ, ಹಾಡಹಗಲೇ, ಇಡೀ ಓಣಿ ಕಣ್ಣರಳಿಸಿ ನೋಡುತ್ತಿರುವಾಗ ಭೀಮಶಿ ಮಾಸ್ತರ ಮನೆಗೆ ಮೀನು ಬಂದವು. ಟಂಟಂ ಗಾಡಿಯಿಂದ ಮೊದಲು ಮಾರುದ್ದದ ಕಾಜಿನ ಪೆಟ್ಟಿಗೆ ಇಳಿಯಿತು. ಆಮೇಲೆ ನೀಲಿ ಡ್ರಮ್ಮುಗಳು ಇಳಿದವು. ಕಡೆಗೆ ಮುಚ್ಚಳ ಹಾಕಿದ ಬಕೀಟೊಂದನ್ನು ಎಳೆಗೂಸಿನ ಹಾಗೆ ಅವುಚಿಕೊಂಡು ಪ್ರಜ್ಞಾ ಇಳಿದಳು. ಕಟ್ಟೆಯ ಮೇಲೆ ಕುಂತು ಶೇಂಗಾ ಒಡೆಯುತ್ತಿದ್ದ ಕೆಂಪವ್ವ ಮೊಮ್ಮಗಳನ್ನು ಮೇಲಿಂದ ಕೆಳಗೆ ನೋಡಿದಳು.

"ಏನ ಹೊತ್ತು ತಂದೀಯವಾ?"

"ಸಮುದ್ರ, ಆಯಿ."

"ಬಕೀಟಿನ್ಯಾಗ?"

"ಹೂಂ. ಸರಿ ಅತ್ಲಾಗ, ಚೆಲ್ಲೀತು."

ಸಮುದ್ರ ಅಂದರೆ ಏನೆಂದು ಕೆಂಪವ್ವನಿಗೆ ಯಾರೂ ಕಲಿಸಬೇಕಿರಲಿಲ್ಲ. ಗಂಡ ಹನುಮಪ್ಪ ಬದುಕಿದ್ದಾಗ ಡಿಸೆಂಬರಿನಲ್ಲಿ ಅವನ ಜೊತೆ ದಾದರಿನ ಕಡಲ ದಂಡೆಯ ಚೈತ್ಯಭೂಮಿಗೆ ಹೋಗಿ, ಆ ನೆರೆದ ಮಂದಿಯ ನಡುವೆ ನೂಕಿಸಿಕೊಂಡು, ನೀರಿನಲ್ಲಿ ಕಾಲು ತೊಯ್ಸಿಕೊಂಡು ಬಂದವಳು ಆಕೆ. ಬಕೀಟಿನ ಮುಚ್ಚಳ ಎತ್ತಿ ಒಳಗೆ ಇಣುಕಿದಳು. ಕಿತ್ತಳೆ ಬಣ್ಣದ ಎರಡು ಮೀನು ಅವಳನ್ನೇ ನೋಡಿದವು.

"ಎಂಟ ವರ್ಷಾತು ಈ ಮನ್ಯಾಗ ಮೀನಿನ ಮಾರಿ ನೋಡಲಾರ್ದ," ಅಂದಳು. "ಈಗ ಬಂದಾವು. ತಿನ್ನಾಕಲ್ಲ, ನೋಡಾಕ! ಏನ ಸುಡಗಾಡ ನಸೀಬೋ ನಂದು."

ಅವಳ ಸಿಟ್ಟಿಗೆ ಕಾರಣವಿತ್ತು. ಕೇರಿ ಬಿಟ್ಟು ಬೈಲಹೊಂಗಲದ ಈ ಓಣಿಯಲ್ಲಿ ಮನೆ ಕೊಂಡಾಗ ಮಗ ಭೀಮಶಿ ಒಂದು ಕಾಯಿದೆ ಮಾಡಿದ್ದ. ಈ ಮನೆಯೊಳಗೆ ಖಂಡ ಬೇಯಬಾರದು, ಮೀನು ಬೇಯಬಾರದು, ತತ್ತಿಯೂ ಒಡೆಯಬಾರದು. ಓಣಿಯಲ್ಲಿ ಬೇರೆ ಯಾರೂ ಅದನ್ನು ತಿನ್ನುವವರಲ್ಲ, ಕೇರಿಯಿಂದ ಬಂದವರು ಇವರೊಬ್ಬರೇ. ನಾವು ಬುದ್ಧನ ಮಂದಿ, ನಮಗೆ ಯಾರ ಹಂಗೂ ಇಲ್ಲ ಅಂತ ಜಯಂತಿಯ ದಿನ ಮೈಕು ಹರಿದುಹೋಗುವ ಹಾಗೆ ಭಾಷಣ ಮಾಡುವ ಮಗರಾಯ, ಮನೆಗೆ ಬಂದರೆ ತತ್ತಿಯ ಸಿಪ್ಪೆಗೂ ಹೆದರುತ್ತಿದ್ದ. ಅದಕ್ಕೇ ತಿಂಗಳಿಗೆ ಎರಡು ಐತವಾರ ಮನೆಮಂದಿಯೆಲ್ಲ ಸವದತ್ತಿಗೆ ಹೋಗುವುದು. ಅಲ್ಲಿ ಕೆಂಪವ್ವನ ಮಗಳು ಕೃಷ್ಣವ್ವನ ಮನೆ. ಅಲ್ಲಿ ಡ್ಯಾಮಿನ ಮೀನೋ, ಕುರಿಯ ಖಂಡವೋ ಹೊಟ್ಟೆ ತುಂಬ ಉಂಡು, ಎರಡೆರಡು ಸಲ ಸಾಬೂನು ಹಚ್ಚಿ ಕೈ ತೊಳೆದು, ಬಾಯಿ ತುಂಬ ಬಡೇಸೋಪು ಹಾಕಿಕೊಂಡು, ಬಸ್ಸಿನ ಕಿಡಕಿಯ ಹತ್ತಿರ ಕುಂತು ಮೈಗೆ ಗಾಳಿ ಹೊಡೆಸಿಕೊಂಡು ತಿರುಗಿ ಬರುವುದು. ಉಂಡದ್ದು ಅರಗುವ ಮೊದಲು ಅದರ ಗುರುತು ಅಳಿಸುವ ಈ ಕಾರಬಾರು ಕೆಂಪವ್ವನಿಗೆ ಒಂದು ದಿನವೂ ಸೇರಿರಲಿಲ್ಲ.

ಸಂಜೆ ಸಾಲಿಯಿಂದ ಬಂದ ಭೀಮಶಿ ಪಡಸಾಲೆಯ ಬಾಗಿಲಲ್ಲೇ ನಿಂತ. ತಿಜೋರಿ ಇದ್ದ ಜಾಗದಲ್ಲಿ ಕಾಜಿನ ಪೆಟ್ಟಿಗೆ, ಅದರ ಮೇಲೆ ನೀಲಿ ದೀಪ. ತಿಜೋರಿ ಅಡುಗೆಮನೆ ಸೇರಿತ್ತು.

"ಏನಿದು?"

"ಅಕ್ವೇರಿಯಂ, ಅಪ್ಪ. ನಾ ಕೇಳಿದ್ನಲ್ಲ."

"ಕೇಳಿದ್ದಿ. ನಾ ಹೂಂ ಅಂದಿದ್ದಿಲ್ಲ."

"ಬ್ಯಾಡ ಅಂತನೂ ಅಂದಿದ್ದಿಲ್ಲ."

ಪ್ರಜ್ಞಾ ಬಿ.ಎಸ್ಸಿ. ಮುಗಿಸಿ ಬೆಳಗಾವಿಯ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮುಂಜಾನೆ ಬಸ್ಸಿಗೆ ಹೋದರೆ ಸಂಜೆಗೇ ಬರುವುದು. ಅಲ್ಲಿಯ ಡಾಕ್ಟರೊಬ್ಬರ ದವಾಖಾನೆಯಲ್ಲಿದ್ದ ಈ ಪೆಟ್ಟಿಗೆಯನ್ನು ಎರಡು ವರ್ಷದಿಂದ ಅವಳೇ ನೋಡಿಕೊಂಡಿದ್ದಳು. ಡಾಕ್ಟರಿಗೆ ವರ್ಗವಾಯಿತು. ಮೀನನ್ನು ಯಾರಿಗೆ ಕೊಡಲಿ ಅಂದಾಗ, ನನಗೇ ಕೊಡ್ರಿ ಅಂದಿದ್ದಳು.

"ಬ್ಯಾರೆಯವರ ಕೈಯಾಗ ಕೊಟ್ರ ಸತ್ತು ಹೋಗ್ತಾವಪ್ಪ. ಇವು ಹೊಳಿ ಮೀನಲ್ಲ. ನೀರಿನ ಉಪ್ಪು ಒಂಚೂರು ಹೆಚ್ಚುಕಮ್ಮಿ ಆದ್ರ ತಡ್ಯಾಂಗಿಲ್ಲ."

"ಓಣ್ಯಾಗ ಮಂದಿ ಏನಂತಾರ?"

"ಏನಂತಾರ? ಮೀನ ಈಸ್ತಾವು ಅಂತಾರ."

"ಬಾಯಿ ಭಾಳ ಆತು ನಿಂದು!"

ಒಳಗಿಂದ ಸೊಸೆ ದೇವಕ್ಕ ರೊಟ್ಟಿಯ ಬುಟ್ಟಿ ಹಿಡಿದುಕೊಂಡು ಬಂದಳು. ಜಗಳ ಬಿಡಿಸಲಿಕ್ಕೆ ಅವಳಿಗೆ ಗೊತ್ತಿದ್ದದ್ದು ಇದೊಂದೇ ಉಪಾಯ. "ಉಂಡು ಜಗಳಾಡ್ರಿ. ರೊಟ್ಟಿ ಆರಾಕತ್ತಾವು," ಅಂದಳು. ಅಪ್ಪ ಮಗಳು ಇಬ್ಬರೂ ಮುಸುಡಿ ಉಬ್ಬಿಸಿಕೊಂಡು ಉಂಡರು.

ಕೆಂಪವ್ವನ ಕಾಟು ಇದ್ದದ್ದು ಪೆಟ್ಟಿಗೆಯ ಎದುರಿಗೇ. ಮೊದಲು ಎರಡು ದಿನ ಹಟದಿಂದ ಗೋಡೆಯ ಕಡೆ ಮಾರಿ ಮಾಡಿ ಮಲಗಿದಳು. ಆಮೇಲೆ ಮೈ ನೋವು ಅಂತ ನೆಪ ಹೇಳಿ ಮಗ್ಗುಲು ತಿರುಗಿಸಿದಳು. ತಿರುಗಿದವಳು ಮತ್ತೆ ಗೋಡೆ ನೋಡಲಿಲ್ಲ.

ಒಳಗೆ ಕಲ್ಲಿನ ಸಂದಿಯಲ್ಲಿ ಬೆರಳು ಬೆರಳಿನಂಥ ಎಳೆಗಳ ಒಂದು ಜೀವ ಇತ್ತು. ಗಿಡವಲ್ಲ, ಹೂವೂ ಅಲ್ಲ. ಬೇರೆ ಮೀನು ಮುಟ್ಟಿದರೆ ಚೇಳಿನಂತೆ ಕುಟುಕುತ್ತದಂತೆ. ಆದರೆ ಆ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಕ್ಲೌನ್ ಮೀನಿನ ಜೋಡಿ ಅದರ ಮಡಿಲಲ್ಲೇ ಹೊರಳಾಡುತ್ತಿತ್ತು. ದೊಡ್ಡದು ಸಣ್ಣದನ್ನು ಅಟ್ಟಾಡಿಸುವುದನ್ನು ನೋಡಿ ಕೆಂಪವ್ವ ಕೇಳಿದಳು.

"ಆ ದೊಡ್ಡದು ಗಂಡೇನ?"

"ಅಲ್ಲ ಆಯಿ, ಹೆಣ್ಣು. ಇವರಾಗ ಹೆಂಗಸರದ್ದೇ ಕಾರಬಾರು. ಗಂಡ ಸಣ್ಣಾಂವ, ಹೇಳಿದ್ದ ಕೇಳ್ಕೊಂಡಿರ್ತಾನ."

"ಅಯ್ಯ ನನ್ನವ್ವ! ನಿಮ್ಮಜ್ಜ ಹನುಮಪ್ಪಗ ಇದನ್ನ ತೋರಸಬೇಕಿತ್ತು ನೋಡು." ಆವತ್ತೇ ದೊಡ್ಡದಕ್ಕೆ ಗೌಡ್ತಿ ಅಂತ ಹೆಸರಿಟ್ಟಳು. "ಆ ಮೂಲ್ಯಾಗ ಮರಳಿನ್ಯಾಗ ಕುಂತಾನಲ್ಲ, ಅಂವ ಯಾರು?"

"ಗೋಬಿ."

"ಮಂಚೂರಿ ಮಾಡ್ತಾರಲ್ಲ, ಆ ಗೋಬಿ?"

ಪ್ರಜ್ಞಾ ಬಿದ್ದು ಬಿದ್ದು ನಕ್ಕಳು. ಆ ಗೋಬಿಯ ಪಕ್ಕದಲ್ಲಿ ಕಣ್ಣು ಸರಿಯಾಗಿ ಕಾಣದ ಒಂದು ಸೀಗಡಿ ಇತ್ತು. ಅದು ಹಗಲೆಲ್ಲ ಮರಳು ತೋಡಿ ಇಬ್ಬರಿಗೂ ಬಿಲ ಮಾಡುವುದು, ಮೀನು ಬಾಗಿಲಲ್ಲಿ ಕಾವಲು ಕೂಡುವುದು. ಸೀಗಡಿ ತನ್ನ ಮೀಸೆಯೊಂದನ್ನು ಸದಾ ಮೀನಿನ ಮೈಗೆ ತಾಕಿಸಿಕೊಂಡೇ ಇರುವುದು. ಕೆಂಪವ್ವ ಇದನ್ನು ಎಷ್ಟು ನೋಡಿದರೂ ದಣಿಯಲಿಲ್ಲ. ಒಂದು ಕಣ್ಣಿಗೆ ಪೊರೆ ಬಂದ ಮೇಲೆ ರಾತ್ರಿ ಅವಳೂ ಸೊಸೆಯ ಸೆರಗು ಹಿಡಿದೇ ಬಚ್ಚಲಿಗೆ ಹೋಗುತ್ತಿದ್ದಳು.

ದೇವಕ್ಕನಿಗೆ ಮಾತ್ರ ಕೆಲಸ ಹೆಚ್ಚಾಯಿತು. ಪ್ರಜ್ಞಾ ಮೀನಿಗೆಂದು ನೀರು ಸೋಸುವ ಮಷಿನ್ನು ಹಚ್ಚಿದ್ದಳು. ಒಂದು ಕೊಡ ಸೋಸಿದರೆ ಮೂರು ಕೊಡ ಹೊರಗೆ ಬೀಳುವುದು. ಆ ನೀರನ್ನು ಹಿಡಿಹಿಡಿದು ದೇವಕ್ಕ ಅರಿವೆ ಒಗೆಯುತ್ತಿದ್ದಳು.

"ಮೀನಿಗೆ ಫಿಲ್ಟರ್ ನೀರು, ನಮಗ ವಾರಕ್ಕೊಮ್ಮಿ ಬರೂ ನಳದ ನೀರು. ಛಲೋ ನ್ಯಾಯ," ಅಂತ ಗೊಣಗುವಳು.

"ನೀರಷ್ಟ ಅಲ್ಲ ಯವ್ವಾ," ಕೆಂಪವ್ವ ಉಪ್ಪು ಸುರಿಯುವಳು. "ಅವಕ್ಕ ದಿನಾ ಸೀಗಡಿ ಊಟ. ನಮಗ ದಿನಾ ಪುಂಡಿಪಲ್ಯ. ಮುಂದಿನ ಜನ್ಮ ಅನ್ನೂದಿದ್ರ ಇದ ಪೆಟಗ್ಯಾಗ ಹುಟ್ಟಬೇಕು ನೋಡು."

ಭೀಮಶಿ ಓಣಿಯ ಹುಡುಗರಿಗೆ ಸಂಜೆ ಕಟ್ಟೆಯ ಮೇಲೆ ಪುಕ್ಕಟೆ ಗಣಿತ ಹೇಳುತ್ತಿದ್ದ. ಎಂಟು ವರ್ಷದಿಂದ ಓಣಿಯ ಮಕ್ಕಳು ಆ ಕಟ್ಟೆಯ ಮೇಲೆ ಕುಂತು ಲೆಕ್ಕ ಕಲಿತು, ಹೊಸ್ತಿಲು ದಾಟದೆ ತಿರುಗಿ ಹೋಗುತ್ತಿದ್ದವು. ದಾಟಬೇಡಿರಿ ಅಂತ ಯಾರೂ ಹೇಳಿರಲಿಲ್ಲ. ಯಾರೂ ಹೇಳದೇನೇ ಮಕ್ಕಳಿಗೆ ಗೊತ್ತಿತ್ತು. ಈಗ ಬಾಗಿಲ ಸಂದಿಯಿಂದ ನೀಲಿ ಬೆಳಕು ಕಂಡಿತು. ಎದುರು ಮನೆಯ ಶಟ್ಟೆಪ್ಪನ ಮೊಮ್ಮಗಳು ಮೊದಲು ಇಣುಕಿದಳು, ಆಮೇಲೆ ಒಳಗೇ ಬಂದಳು. ಅವಳ ಹಿಂದೆ ಉಳಿದವೆಲ್ಲ ಬಂದವು. ಕಾಜಿಗೆ ಮೂಗು ಹಚ್ಚಿ ಗೌಡ್ತಿಯನ್ನು ನೋಡಿದ್ದೇ ನೋಡಿದ್ದು. ಬಂದ ಮಕ್ಕಳನ್ನು ಬರಿಗೈಲಿ ಕಳಿಸುವುದು ಹೇಗೆ ಅಂತ ದೇವಕ್ಕ ಹಚ್ಚಿದ ಅವಲಕ್ಕಿ ಕೊಟ್ಟಳು. ಮಕ್ಕಳು ತಿಂದು, ನೀರು ಕುಡಿದು, ಮನೆಗೆ ಹೋಗಿ ಹೇಳಿದವು.

ಮರುದಿನವೇ ಶಟ್ಟೆಪ್ಪ ಬಂದ. ಸೇವೆಯಿಂದ ನಿವೃತ್ತನಾದ ಮನುಷ್ಯ, ಓಣಿಯ ಹಿರಿಯ, ಮಾತು ಬೆಣ್ಣೆ. ಮೆಟ್ಟಿಲ ಕೆಳಗೇ ನಿಂತು ಕೈಮುಗಿದ.

"ಮಾಸ್ತರ, ತಪ್ಪ ತಿಳೀಬ್ಯಾಡ್ರಿ. ಸ್ವಲ್ಪ ಮೀನಿನ ವಾಸನಿ ಬರಾಕತ್ತೈತಿ ಅಂತ ಹೆಣ್ಮಕ್ಕಳು ಅನ್ನಾಕತ್ತಾರ್ರಿ. ಮುಂದ ಶ್ರಾವಣ ಬ್ಯಾರೆ ಬಂತು."

"ಹೌದ್ರಿ, ಹೌದ್ರಿ," ಅಂದ ಭೀಮಶಿ. "ಏನರ ವ್ಯವಸ್ಥಾ ಮಾಡ್ತೇನ್ರಿ."

"ಶ್ರಾವಣದ ಒಳಗ ಆದ್ರ ಛಲೋ ಆಕ್ಕೈತಿ ನೋಡ್ರಿ."

"ಆತ್ರಿ, ಆತ್ರಿ."

ಒಳಗೆ ಕಾಟಿನ ಮೇಲೆ ಕುಂತಿದ್ದ ಕೆಂಪವ್ವನಿಗೆ ಎಲ್ಲ ಕೇಳಿಸಿತ್ತು. ಮಗ ಒಳಗೆ ಬಂದವನೇ ಅವಳ ಕೈಗೆ ಸಿಕ್ಕ.

"ಹೌದ್ರಿ ಅಂತ ಅಂದ್ಯಲ್ಲೋ, ವಾಸನಿ ಎಲ್ಲೈತೋ ಭೀಮಶಿ?"

"ಅವ್ವಾ, ನಿನಗ ತಿಳ್ಯಾಂಗಿಲ್ಲ."

"ನನಗ ತಿಳ್ಯಾಂಗಿಲ್ಲೋ! ಮೀನ ಬಂದು ಇಷ್ಟ ದಿನಾತು, ಅಲ್ಲೀತನಕ ವಾಸನಿ ಬರಲಿಲ್ಲ. ಹುಡುಗೂರು ಒಳಗ ಬಂದು ಅವಲಕ್ಕಿ ತಿಂದ ಕೂಡಲೇ ಬಂತು. ಅದ್ಯಾವ ಮೀನಿನ ವಾಸನಿ, ನೀನೇ ಹೇಳು."

ಭೀಮಶಿ ಕೈಕಾಲು ತೊಳೆಯಲಿಕ್ಕೆ ಬಚ್ಚಲಿಗೆ ಹೋದ. ಊಟಕ್ಕೆ ಕುಂತಾಗ ಮಗಳ ಕಡೆ ನೋಡದೆಯೇ, "ಶ್ರಾವಣದ ಒಳಗ ಇದನ್ನ ಬೆಳಗಾವಿಗೆ ಸಾಗಿಸು," ಅಂದ.

"ಒಯ್ಯಾಂಗಿಲ್ಲ," ಅಂದಳು ಪ್ರಜ್ಞಾ.

"ಮನಿ ನಂದು."

"ಹೌದೇನಪ್ಪ? ಖರೇನ ನಿಮ್ಮದ? ನಾ ಶಟ್ಟೆಪ್ಪಜ್ಜಂದು ಅಂತ ತಿಳಕೊಂಡಿದ್ದೆ."

ಭೀಮಶಿ ತಾಟು ಸರಿಸಿ ಎದ್ದು ಹೋದ. ಅರ್ಧ ರೊಟ್ಟಿ ಹಾಗೇ ಉಳಿಯಿತು. ದೇವಕ್ಕ ಮಗಳಿಗೆ ಬೈದಳು, ಗಂಡನ ಹಿಂದೆ ಹೋಗಿ ಅವನಿಗೂ ಏನೋ ಅಂದಳು. ತಿರುಗಿ ಬಂದು, "ನೀವು ಯಾರೂ ಜಗಳಾಡಬ್ಯಾಡ್ರಿ. ವಾಸನಿ ಬರಲಾರ್ದಂಗ ನಾ ನೋಡ್ಕೋತೇನಿ," ಅಂದಳು. ಪಾಪದ ಹೆಣ್ಣುಮಗಳು, ಮನೆಯಲ್ಲಿ ಏನೇ ಆದರೂ ಸೆರಗು ಕಟ್ಟಿಕೊಂಡು ತೊಳೆಯಲಿಕ್ಕೆ ನಿಲ್ಲುವವಳು.

ಅವತ್ತಿನಿಂದ ಮನೆ ದವಾಖಾನೆಯಾಯಿತು. ಬೆಳಿಗ್ಗೆ ಪ್ರಜ್ಞಾ ಬಸ್ಸಿಗೆ ಹೋದಳೋ ಇಲ್ಲವೋ, ದೇವಕ್ಕ ಫಿನಾಯಿಲಿನ ಬಕೀಟು ತರುವಳು. ಪಡಸಾಲೆ ಒರೆಸುವಳು, ಕಟ್ಟೆ ಒರೆಸುವಳು, ಮೆಟ್ಟಿಲು ಒರೆಸುವಳು. ಸಂಜೆ ಮತ್ತೆ ಒರೆಸುವಳು. ಬುದ್ಧನ ಮುಂದೆ ಒಂದು ಹಚ್ಚುತ್ತಿದ್ದ ಊದಿನಕಡ್ಡಿ ಈಗ ಮೂಲೆ ಮೂಲೆಗೂ ಹೊಗೆಯಾಡಿತು. ಕಿಡಕಿಗಳನ್ನೆಲ್ಲ ಬಿಗಿಯಾಗಿ ಹಾಕಿದಳು.

"ನಾ ಕೆಮ್ಮಿ ಸಾಯ್ತೇನಿ, ಆಗ ಬರೂ ವಾಸನಿ ಯಾತರ ಮ್ಯಾಲ ಹಾಕ್ತೀ?" ಅಂತ ಕೆಂಪವ್ವ ಕೂಗಿದರೆ, "ಶ್ರಾವಣ ಮುಗೀಲಿರಿ ಅತ್ತಿ, ಆಮ್ಯಾಲ ಬಿಡ್ತೇನಿ," ಅನ್ನುವಳು. ಫಿನಾಯಿಲಿಗೆ ಅವಳ ಬೆರಳ ಸಂದಿಯ ಚರ್ಮ ಸುಲಿದಿತ್ತು. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದಳು.

ಒಂದು ಮಧ್ಯಾಹ್ನ ಕೆಂಪವ್ವ ಚಹಾ ಕುಡಿಯುತ್ತ ನೋಡಿದರೆ, ಗೌಡ್ತಿ ತನ್ನ ಜಾಗದಲ್ಲಿರಲಿಲ್ಲ. ನೀರಿನ ಮೇಲುಮೇಲಕ್ಕೆ ಬಂದು ಬಾಯಿ ತೆಗೆದು ಮುಚ್ಚುತ್ತಿದ್ದಳು. ಆ ಬೆರಳು ಬೆರಳಿನ ಜೀವ ಮುದುರಿ ಮುಷ್ಟಿಯಾಗಿತ್ತು. ಗೋಬಿ ಬಿಲದ ಬಾಗಿಲಲ್ಲಿ ವಾಲಿ ಬಿದ್ದಿತ್ತು. ಕೆಂಪವ್ವ ಸೊಸೆಯನ್ನು ಕೂಗಿ ಫೋನು ಹಚ್ಚಿಸಿದಳು.

"ಪ್ರಜ್ಞಾ, ಗೌಡ್ತಿ ಬಾಯಿ ಬಾಯಿ ಬಿಡಾಕತ್ತಾಳವಾ! ಲಗೂನ ಬಾ!"

ಪ್ರಜ್ಞಾ ಸಿಕ್ಕ ಬಸ್ಸು ಹತ್ತಿ ಬಂದಳು. ಪೆಟ್ಟಿಗೆಯ ಕೆಳಗಿನ ಕಪಾಟಿನಲ್ಲಿ ಇನ್ನೊಂದು ಸಣ್ಣ ತೊಟ್ಟಿ ಇರುತ್ತದೆ. ಮೇಲಿನ ನೀರು ಅಲ್ಲಿಗಿಳಿದು, ಅಲ್ಲಿಯ ಗಾಳಿ ಎಳೆದುಕೊಂಡು, ಸೋಸಿ ಮತ್ತೆ ಮೇಲಕ್ಕೆ ಹೋಗುತ್ತದೆ. ಆ ಕಪಾಟಿನ ಬಾಗಿಲು ತೆಗೆದದ್ದೇ ಗಮ್ಮಂತ ಬಡಿಯಿತು. ತೊಟ್ಟಿಯ ಸುತ್ತಲೂ, ಪೈಪಿನ ಮಗ್ಗುಲಿಗೆ, ಅರಿವೆಯ ನಡುವೆ ಇಡುವ ಬಿಳಿ ಡಾಂಬರ ಗುಳಿಗೆಗಳು ಸಾಲಾಗಿ ಇಟ್ಟಿದ್ದವು. ಎರಡು ತೊಟ್ಟಿಯೊಳಗೇ ಬಿದ್ದಿದ್ದವು.

ಪ್ರಜ್ಞಾ ಪಂಪಿನ ಬಟನ್ನು ಬಂದ್ ಮಾಡಿದಳು. ಡ್ರಮ್ಮಿನಲ್ಲಿ ಕಲಸಿಟ್ಟಿದ್ದ ಉಪ್ಪುನೀರನ್ನು ಬಕೀಟುಗಳಿಗೆ ಸುರಿದು, ಒಂದೊಂದೇ ಮೀನನ್ನು ಹಿಡಿದು ಬಿಟ್ಟಳು. ದೇವಕ್ಕ ಕೊಡಪಾನ ಎತ್ತಿಕೊಟ್ಟಳು, ಕೆಂಪವ್ವ ಕಾಟಿನ ಮೇಲಿಂದಲೇ ಬ್ಯಾಟರಿ ಹಿಡಿದಳು. ಸಣ್ಣ ಕ್ಲೌನು, ಗೋಬಿ, ಸೀಗಡಿ ಸುಧಾರಿಸಿದವು. ಗೌಡ್ತಿ ಸುಧಾರಿಸಲಿಲ್ಲ. ಪ್ರಜ್ಞಾಳ ಅಂಗೈಯಲ್ಲಿ ಒಮ್ಮೆ ಮೈ ಮುರಿದು ಸುಮ್ಮನಾದಳು. ಕೆಂಪವ್ವ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಬೊಟ್ಟುದ್ದದ ಮೀನಿಗೆ ಇಷ್ಟು ಅಳು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

"ಅವ್ವಾ, ಗುಳಿಗಿ ನೀ ಇಟ್ಟಿಯೇನು?"

ದೇವಕ್ಕ ತಲೆ ಆಡಿಸಿದಳು. "ವಾಸನಿ ಹೋಗ್ಲಿ ಅಂತ ಇಟ್ಟೆ."

"ಯಾವ ವಾಸನಿ? ನಿನಗ ಬಂದಿತ್ತೇನು?"

ದೇವಕ್ಕ ಯೋಚನೆ ಮಾಡಿದಳು. ಸುಳ್ಳು ಹೇಳಿ ಗೊತ್ತಿಲ್ಲದವಳು. "ಇಲ್ಲ. ಒಂದ ದಿನಾನೂ ಬಂದಿಲ್ಲ."

"ಮತ್ತ?"

"ಅವರು ಐತಿ ಅಂದ್ರಲ್ಲ. ಅವರು ಐತಿ ಅಂದ್ರ ನಮ್ಮ ಮೂಗಿಗೆ ಬರಲಿಲ್ಲಂದ್ರೂ ಇರಬೇಕು ಅಂತ ತಿಳಕೊಳ್ಳೂದು ರೂಢಿ ಆಗೇತಿ ನನಗ."

ಬೈಯಬೇಕೆಂದಿದ್ದ ಪ್ರಜ್ಞಾ ಹತ್ತಿರ ಸರಿದಳು. ತಾಯಿಯ ಸುಲಿದ ಕೈ ಹಿಡಿದುಕೊಂಡಳು. ಇಬ್ಬರೂ ಒದ್ದೆ ನೆಲದ ಮೇಲೆ ಹಾಗೇ ಕುಂತರು.

ರಾತ್ರಿ ಊಟಕ್ಕೆ ಕುಂತಾಗ ಭೀಮಶಿ ಬಕೀಟುಗಳನ್ನು ನೋಡಿದ, ಸುದ್ದಿ ಕೇಳಿದ. ಆಮೇಲೆ ಮೆತ್ತಗೆ, "ಆದದ್ದಾತು. ಉಳಿದವನ್ನ ನಾಳೆ ಅಂಗಡಿಗೆ ಒಯ್ದು ಬಿಡು. ಎಲ್ಲಾರಿಗೂ ತ್ರಾಸ ತಪ್ಪತೈತಿ," ಅಂದ.

ರೊಟ್ಟಿ ಬಡಿಯುತ್ತಿದ್ದ ದೇವಕ್ಕ ಕೈ ನಿಲ್ಲಿಸಿದಳು. "ಯಾರಿಗೆ ತಪ್ಪತೈತ್ರಿ?"

"ಅಂದ್ರ?"

"ಮೀನ ಹೋದ್ರ ನಾಳೆ ಮತ್ತೊಂದ ವಾಸನಿ ಅಂತಾರ. ಒಗ್ಗರಣಿ ವಾಸನಿ ಅಂತಾರ, ನಮ್ಮ ಬಚ್ಚಲದ್ದು ಅಂತಾರ. ಎಂಟ ವರ್ಷ ಈ ಮನ್ಯಾಗ ನಾ ನೆಲಾ ತೊಳ್ದಿಲ್ಲರಿ, ನಿಮ್ಮ ಹೆದರಿಕಿ ತೊಳ್ದೇನಿ. ಇನ್ನ ತೊಳ್ಯಾಂಗಿಲ್ಲ." ಸುಲಿದ ಕೈ ಎರಡನ್ನೂ ಗಂಡನ ಮುಂದೆ ಹಿಡಿದಳು. "ಇನ್ನ ಸಾಕು."

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಸೊಸೆಯ ಬಾಯಿಂದ ಇಂಥ ಮಾತು ಬಂದದ್ದನ್ನು ಕೆಂಪವ್ವ ಕೇಳಿರಲಿಲ್ಲ. ಶಾಭಾಸ್ ಅನ್ನಬೇಕು ಅನ್ನಿಸಿತು. ಮಗನ ಮಾರಿ ನೋಡಿ ತಡೆದುಕೊಂಡಳು. ಭೀಮಶಿ ತಲೆ ಎತ್ತದೆ ಪೂರ್ತಿ ಉಂಡ, ತಾಟು ತಾನೇ ತೊಳೆದಿಟ್ಟ.

ನೀರು ಬದಲಿಸಿ, ಕಲ್ಲು ತಿಕ್ಕಿ, ವಿಷ ಹೀರುವ ಇದ್ದಲಿನ ಚೀಲ ಇಟ್ಟು ಪ್ರಜ್ಞಾ ಮತ್ತೆ ಪೆಟ್ಟಿಗೆ ಹೂಡಿದಳು. ಮುದುರಿದ್ದ ಜೀವ ವಾರದೊಳಗೆ ಬೆರಳು ಬಿಚ್ಚಿತು. ಒಂಟಿ ಉಳಿದ ಸಣ್ಣ ಕ್ಲೌನು ಮೊದಲು ಹೆದರಿ ಮೂಲೆ ಹಿಡಿದಿತ್ತು, ಆಮೇಲೆ ಮಡಿಲಿಗೆ ಹೋಯಿತು. ಹೆಣ್ಣು ಹೋದರೆ ಈ ಜಾತಿಯ ಗಂಡು ತಾನೇ ಬೆಳೆದು ಹೆಣ್ಣಾಗುತ್ತದೆ ಅಂತ ಪ್ರಜ್ಞಾ ಹೇಳಿದಾಗ ಕೆಂಪವ್ವ, "ಸುಳ್ಳ ಹೇಳಿದ್ರೂ ಒಂಚೂರು ಹೊಂದೂ ಹಂಗ ಹೇಳ ಹುಡಗಿ," ಅಂದಳು. ಆದರೂ ಅವತ್ತಿನಿಂದ ಆ ಮೀನನ್ನು ದಿನಾ ಕಣ್ಣಿಟ್ಟು ನೋಡಿದಳು.

ಒಂದು ಬೆಳಗು ಅವಳು ಎದ್ದಾಗ ಭೀಮಶಿ ಪೆಟ್ಟಿಗೆಯ ಹತ್ತಿರ ನಿಂತಿದ್ದ. ಮುಚ್ಚಳ ಸರಿಸಿ, ನೀರಿಗೆ ಮೂಗು ತಾಕುವ ಹಾಗೆ ಬಗ್ಗಿ ಉಸಿರೆಳೆದ. ಮತ್ತೊಮ್ಮೆ ಎಳೆದ.

"ಏನ ವಾಸನಿ ಬಂತೋ ಭೀಮಶಿ?"

ಅವನು ಬೆಚ್ಚಿ ತಿರುಗಿದ. "ಏನೂ ಇಲ್ಲವಾ. ಸ್ವಲ್ಪ ಉಪ್ಪುಪ್ಪು ಗಾಳಿ ಇದ್ದಂಗೈತಿ."

"ದಾದರಿನ್ಯಾಗೂ ಹಿಂಗ ಇತ್ತು," ಅಂದಳು ಕೆಂಪವ್ವ. "ಅಂತೂ ಒಮ್ಮೆ ನಿನ್ನ ಮನಿ ನಿನ್ನ ಮೂಗಿಲೆ ಮೂಸಿದಿ. ಚಹಾ ಹಾಕ ಹೋಗು."

ಶ್ರಾವಣಕ್ಕೆ ಒಂದು ದಿನ ಉಳಿದಾಗ ಶಟ್ಟೆಪ್ಪ ಮತ್ತೆ ಬಂದ. ಈ ಸಲ ಪಕ್ಕದ ಮನೆಯ ಮಹಾಂತಪ್ಪನನ್ನೂ ಕರೆತಂದಿದ್ದ. ಇಬ್ಬರೂ ಮೆಟ್ಟಿಲ ಕೆಳಗೆ ನಿಂತರು. ಐತವಾರ ಅಲ್ಲದಿದ್ದರೂ ಏನೋ ರಜೆ, ಮನೆಯವರೆಲ್ಲ ಮನೆಯಲ್ಲೇ ಇದ್ದರು.

"ಮಾಸ್ತರ, ನಾಳಿಂದ ಶ್ರಾವಣರಿ. ನೀವು ಮಾತ ಕೊಟ್ಟಿದ್ರಿ."

ಭೀಮಶಿ ಕುರ್ಚಿಯಿಂದ ಎದ್ದ. ಅವನು ಬಾಯಿ ತೆರೆಯುವ ಮೊದಲೇ ಕೆಂಪವ್ವ ಗೋಡೆ ಹಿಡಿದು ಹೊಸ್ತಿಲಿಗೆ ಬಂದಿದ್ದಳು.

"ಬರ್ರಿ ಶಟ್ಟೆಪ್ಪನೋರ, ಒಳಗ ಬರ್ರಿ."

"ಇರ್ಲಿ ಬಿಡ್ರಿ ಯವ್ವಾ, ಇಲ್ಲೇ ಆರಾಮ ಐತಿ."

"ಅಲ್ಲೇ ನಿಂತು ವಾಸನಿ ಅಂದ್ರ ಹ್ಯಾಂಗ್ರಿ? ನನಗ ಕಣ್ಣಿಲ್ಲ, ಮೂಗೂ ಇಲ್ಲ ಅಂತ ತಿಳೀರಿ. ನೀವು ತೋರಸ್ರಿ. ಒಳಗ ಬಂದು ಆ ಕಾಜಿಗೆ ಮೂಗ ಹಚ್ಚ್ರಿ. ಇಲ್ಲಿಂದ ಬರಾಕತ್ತೈತಿ ಅಂತ ಬೊಟ್ಟ ಮಾಡ್ರಿ. ಈಗಿಂದೀಗ ಎತ್ತಿ ಒಗಸ್ತೇನಿ."

ಶಟ್ಟೆಪ್ಪ 'ಹೆಹ್ಹೆ' ಅಂತ ನಕ್ಕ. ಮಹಾಂತಪ್ಪನಿಗೆ ಒಳಗಿನ ನೀಲಿ ಬೆಳಕಿನ ಮೇಲೇ ಕಣ್ಣಿತ್ತು, ಅವನ ಮೊಮ್ಮಕ್ಕಳು ದಿನಾ ಅದೇ ಸುದ್ದಿ ಹೇಳುತ್ತಿದ್ದವು. "ಒಂದ ಸಲ ನೋಡೂನೇನ್ರಿ," ಅಂತ ಒಂದು ಕಾಲು ಮೆಟ್ಟಿಲ ಮೇಲಿಟ್ಟ. ಶಟ್ಟೆಪ್ಪ ಅವನ ಮೊಳಕೈ ಹಿಡಿದ. ಕಾಲು ಕೆಳಗಿಳಿಯಿತು.

"ನೋಡಿದ್ರೇನು," ಅಂದಳು ಕೆಂಪವ್ವ. "ಎಂಟ ವರ್ಷಾತು. ನನ್ನ ಮಗ ನಿಮ್ಮ ಮಕ್ಕಳಿಗೆ ಲೆಕ್ಕಾ ಕಲಿಸ್ಯಾನ. ನೀವು ಈ ಮೆಟ್ಟಲಾ ಹತ್ತಿಲ್ಲ. ಹತ್ತಲಾರ್ದ ನಮ್ಮ ಮನ್ಯಾಗಿನ ವಾಸನಿ ನಿಮಗ ಹ್ಯಾಂಗ ಗೊತ್ತಾತ್ರಿ?"

"ಅವ್ವಾ, ನೀ ಸುಮ್ಕಿರು," ಅಂದ ಭೀಮಶಿ.

 ಮುಗೀತು, ಕೊಟ್ಟುಬಿಡುತ್ತಾನೆ ಅಂದುಕೊಂಡಳು ಕೆಂಪವ್ವ. ಪ್ರಜ್ಞಾ ಪೆಟ್ಟಿಗೆಯ ಮುಂದೆ ಅಡ್ಡ ನಿಂತಳು. ಭೀಮಶಿ ತಾಯಿಯನ್ನು ದಾಟಿ ಕಟ್ಟೆಗೆ ಬಂದ. ಅವನ ದನಿ ಮೊದಲು ನಡುಗಿತು.

"ಒಳಗ ಬರ್ರಿ ಶಟ್ಟೆಪ್ಪನೋರ. ಚಹಾ ಕುಡದು ಹೋಗ್ರಿ."

"ಚಹಾ ಆಗೇತ್ರಿ ಮಾಸ್ತರ, ಈಗರ…"

"ಮತ್ತೊಮ್ಮೆ ಕುಡೀರಿ."

ಶಟ್ಟೆಪ್ಪ ಮೆಟ್ಟಿಲು ಹತ್ತಲಿಲ್ಲ. ಭೀಮಶಿ ಕಾದ. ಬರುವುದಿಲ್ಲ ಎಂದು ಪಕ್ಕಾ ಆದ ಮೇಲೆ ಅವನ ದನಿಯ ನಡುಕ ನಿಂತಿತು.

"ಹಂಗಾರ ಕೇಳ್ರಿ. ಮಾತ ಕೊಟ್ಟಿದ್ದೆ, ಖರೆ. ತಿರುಗಿ ತಗೊಳ್ಳಾಕತ್ತೇನಿ. ಮೀನ ಇಲ್ಲೇ ಇರ್ತಾವು. ನಮ್ಮ ಮನ್ಯಾಗ ಇವತ್ತಿಗೂ ಮೀನಿನ ವಾಸನಿ ಬಂದಿಲ್ಲರಿ. ಈ ಐತವಾರ ಬರತೈತಿ. ನಮ್ಮ ತಂಗಿ ಸವದತ್ತಿಯಿಂದ ಡ್ಯಾಮಿನ ಮೀನ ತರ್ತಾಳ, ನಾವಿಲ್ಲೇ ಹುರೀತೇವಿ. ಅವತ್ತು ಬರೂದಕ್ಕ ಮೀನಿನ ವಾಸನಿ ಅಂತಾರ. ಗುರ್ತ ಇಟ್ಕೊಳ್ರಿ."

"ಶ್ರಾವಣದಾಗೇನ್ರಿ ಮಾಸ್ತರ!"

"ನಿಮ್ಮ ಶ್ರಾವಣ ನೀವು ಮಾಡ್ರಿ, ಕೈ ಮುಗಿತೇನಿ. ನಿಮ್ಮ ಒಲಿ ಮ್ಯಾಲ ನಾ ಏನೂ ಇಡಾಕ ಬರಾಂಗಿಲ್ಲ."

ಸುದ್ದಿ ಸಂಜೆಯೊಳಗೆ ಓಣಿ ತುಂಬಿತು. ಹಾಲು ಹಾಕುವವನು ನಾಳೆಯಿಂದ ಆಗುವುದಿಲ್ಲ ಅಂದ. ಟ್ಯೂಶನ್ನಿಗೆ ಶಟ್ಟೆಪ್ಪನ ಮನೆಯ ಮಕ್ಕಳು ಬರಲಿಲ್ಲ, ಹಿಂದಿನ ಸಾಲಿನ ಮಕ್ಕಳೂ ಬರಲಿಲ್ಲ. ಮಹಾಂತಪ್ಪನ ಮೊಮ್ಮಕ್ಕಳಿಬ್ಬರು ಮಾತ್ರ ಬಂದು, ಲೆಕ್ಕ ಮುಗಿದದ್ದೇ ಒಳಗೆ ಓಡಿ ಬಂದು ಗೋಬಿಯ ಮುಂದೆ ಕುಂತರು. ಭೀಮಶಿ ಎರಡು ರಾತ್ರಿ ನಿದ್ದೆಯಿಲ್ಲದೆ ಹೊರಳಾಡಿದ. ಆದರೆ ತಂಗಿಗೆ ಫೋನು ಮಾಡಿ ಬೇಡ ಅನ್ನಲಿಲ್ಲ.

ಐತವಾರ ಮುಂಜಾನೆಯ ಬಸ್ಸಿಗೇ ಕೃಷ್ಣವ್ವ ಬಂದಳು. ಚೀಲವನ್ನು ಮುಚ್ಚದೆ, ಮರೆಮಾಡದೆ, ಓಣಿಯ ನಟ್ಟನಡುವೆ ಕೈಯಾಡಿಸುತ್ತ ನಡೆದು ಬಂದಳು. ಮನೆಯೊಳಗೆ ಕಾಲಿಟ್ಟವಳೇ ಪೆಟ್ಟಿಗೆ ನೋಡಿ, "ಇವನ್ನ ಯಾವಾಗ ಹುರಿಯೂದು?" ಅಂತ ಕೇಳಿ ಪ್ರಜ್ಞಾಳಿಂದ ಬೆನ್ನಿಗೊಂದು ಗುದ್ದು ತಿಂದಳು.

ಮೀನು ಸೋಸಿ, ತೊಳೆದು, ಖಾರ, ಅರಿಶಿಣ, ಹುಣಸೆ ಹಚ್ಚಿ ಇಟ್ಟದ್ದಾಯಿತು. ಹಂಚು ಕಾಯಿತು. ದೇವಕ್ಕ ಅಭ್ಯಾಸಬಲದಿಂದ ಮೊದಲು ಕಿಡಕಿ ಹಾಕಲಿಕ್ಕೆ ಹೋದಳು. ಚಿಲಕದ ಮೇಲೆ ಅವಳ ಕೈ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಎರಡೂ ಬಾಗಿಲನ್ನು ಗೋಡೆಗೆ ತಾಕುವ ತನಕ ತೆರೆದು, ಒಲೆಯ ಮುಂದೆ ಬಂದು ಮೊದಲ ತುಂಡು ಹಾಕಿದಳು. ಎಣ್ಣೆ ಚುರ್ ಎಂದಿತು. ಕೆಂಪವ್ವ ಕಾಟಿನ ಮೇಲೆ ಕುಂತಲ್ಲೇ ಕಣ್ಣು ಮುಚ್ಚಿ ಮೂಗು ತುಂಬ ಎಳೆದುಕೊಂಡಳು. ತನ್ನ ಮನೆಯ ವಾಸನೆ ಎಷ್ಟು ಛಲೋ ಇತ್ತು!

ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕುಂತರು. ಮುಂಬಾಗಿಲು ತೆರೆದೇ ಇತ್ತು. ಭೀಮಶಿ ಮೊದಲ ತುತ್ತು ಮುರಿಯುವಷ್ಟರಲ್ಲಿ ಎದುರು ಶಟ್ಟೆಪ್ಪನ ಮನೆಯ ಕಿಡಕಿ ಢಮ್ ಅಂತ ಬಡಿಯಿತು. ಅದರ ಹಿಂದೆಯೇ ಇನ್ನೊಂದು. ಆಮೇಲೆ ಬಾಗಿಲು.  ಭೀಮಶಿಯ ಕೈ ತಾಟಿನ ಮೇಲೇ ನಿಂತುಬಿಟ್ಟಿತು. ಯಾರೂ ಯಾರ ಮಾರಿಯನ್ನೂ ನೋಡಲಿಲ್ಲ.

"ಕಿಡಕಿ ಹಾಕ್ಕೊಂಡ್ರು," ಅಂದಳು ಕೃಷ್ಣವ್ವ ಸಣ್ಣ ದನಿಯಲ್ಲಿ.

ದೇವಕ್ಕ ಹಂಚಿನಿಂದ ಬಿಸಿ ತುಂಡೊಂದನ್ನು ಎತ್ತಿಕೊಂಡು ಬಂದು ಗಂಡನ ತಾಟಿಗೆ ಹಾಕಿದಳು.

"ಹಾಕ್ಕೋಲಿ. ಅವರ ಕಿಡಕಿ, ಅವರ ಮೂಗು. ನೀವು ಉಣ್ರಿ."